ಕುಗ್ಗದ ಸೇರು

ಕಣಜದ ಭತ್ತ ಕರಗಿದಂತೆಲ್ಲ ಅಳೆಯುವ ಸೇರೂ ಅದೇ ಪ್ರಮಾಣದಲ್ಲಿ ಕುಗ್ಗುತ್ತ ಹೋದರೆ ಏನಾದೀತು? ಮೊದಲ ದಿನ ಹತ್ತು ಸೇರು ಇದ್ದದ್ದು ತಿಂಗಳ ಮೇಲೂ ಹತ್ತು ಸೇರಾಗಿಯೇ ಕಾಣುತ್ತದೆ. ಮನೆಯೊಡತಿ ನಿಶ್ಚಿಂತೆಯಿಂದ ಇರುತ್ತಾಳೆ. ಒಂದು ಬೆಳಿಗ್ಗೆ ನೋಡಿದರೆ ಕಣಜ ಬರಿದು!

ಬ್ಯಾಟರಿಯ ವಿಷಯದಲ್ಲಿ ಇದು ಬರಿಯ ಕಲ್ಪನೆಯಲ್ಲ. ಅದರಲ್ಲಿ ಎಷ್ಟು ಉಳಿದಿದೆ ಎಂದು ನೋಡುವ ವಿದ್ಯುನ್ಮಂಡಲಕ್ಕೂ ಅನ್ನ ಹಾಕುವುದು ಅದೇ ಬ್ಯಾಟರಿ. ಅನ್ನದಾತ ಸೊರಗಿದರೆ ಕಾವಲುಗಾರನೂ ಸೊರಗುತ್ತಾನೆ. ಆದ್ದರಿಂದ ಅವನ ಕೈಯಲ್ಲಿ ಕುಗ್ಗದ ಸೇರೊಂದು ಇರಲೇಬೇಕು.

ಅಂಥ ಸೇರನ್ನೂ ಕಾವಲುಗಾರನನ್ನೂ ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಕೂರಿಸಿದವನು ಅಮೆರಿಕದ ರಾಬರ್ಟ್ ವಿಡ್ಲರ್. 1970ರಲ್ಲಿ, ಮೂವತ್ತಮೂರರ ವಯಸ್ಸಿಗೇ ಕೆಲಸ ಬಿಟ್ಟು ಮೆಕ್ಸಿಕೋಗೆ ಹೋಗಿ ನೆಲೆಸಿದ ವಿಚಿತ್ರ ಮನುಷ್ಯ. ಮುಂದೆ ಸಲಹೆಗಾರನಾಗಿ ನ್ಯಾಷನಲ್ ಸೆಮಿಕಂಡಕ್ಟರ್ ಕಂಪೆನಿಗೆ ಅವನು ರೂಪಿಸಿಕೊಟ್ಟದ್ದು ಎಲ್‌ಎಂ10. ಅದರೊಳಗೆ ಒಂದು ಆಪ್-ಆಂಪ್, ಅಂದರೆ ಎರಡು ವೋಲ್ಟೇಜುಗಳ ನಡುವಿನ ಅತಿ ಸಣ್ಣ ವ್ಯತ್ಯಾಸವನ್ನೂ ಹಿಗ್ಗಿಸಿ ತೋರಿಸುವ ವರ್ಧಕ. ಜೊತೆಗೆ 0.2 ವೋಲ್ಟಿನ ಸ್ಥಿರ ಮಾನಕ. ಕೊಡುವ ವಿದ್ಯುತ್ತು 1.1 ವೋಲ್ಟ್ ಇದ್ದರೂ ಸರಿ, 40 ವೋಲ್ಟ್ ಇದ್ದರೂ ಸರಿ, ಅದು ಕೆಲಸ ಮಾಡುತ್ತದೆ.

ಈ ಮಾನಕ ಅಲುಗದೆ ನಿಲ್ಲುವುದು ಹೇಗೆ? ಬಿಸಿಯೇರಿದಂತೆ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜು ಇಳಿಯುತ್ತದೆ, ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್. ಆದರೆ ಬೇರೆ ಬೇರೆ ಸಾಂದ್ರತೆಯಲ್ಲಿ ವಿದ್ಯುತ್ತು ಹರಿಯುವ ಎರಡು ಟ್ರಾನ್ಸಿಸ್ಟರುಗಳನ್ನು ಹೋಲಿಸಿದರೆ, ಅವುಗಳ ವೋಲ್ಟೇಜಿನ ಅಂತರ ಬಿಸಿಯೊಂದಿಗೆ ಏರುತ್ತದೆ. ಇಳಿಯುವುದನ್ನೂ ಏರುವುದನ್ನೂ ಹದವರಿತು ಕೂಡಿಸಿದರೆ ಮೊತ್ತ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಒಂದು ಎತ್ತು ನಿಧಾನಿಸಿದಾಗ ಇನ್ನೊಂದು ಜೋರಾಗಿ ಎಳೆದು ಗಾಡಿಯ ವೇಗವನ್ನು ಕಾಯ್ದಂತೆ.

ಇದರ ಉಪಯೋಗ ತಿಳಿಯಲು ಸೌರದೀಪದ ಮನೆಯೊಂದನ್ನು ನೋಡೋಣ. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯನ್ನು ಸುಮಾರು 11 ವೋಲ್ಟಿಗಿಂತ ಕೆಳಕ್ಕೆ ಮತ್ತೆ ಮತ್ತೆ ಇಳಿಸಿದರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು ಆಯುಸ್ಸು ತಗ್ಗುತ್ತದೆ. ಲೆಕ್ಕ ಸುಲಭ. ಎರಡು ರೆಸಿಸ್ಟರುಗಳಿಂದ ಬ್ಯಾಟರಿಯ ವೋಲ್ಟೇಜನ್ನು 55ರಲ್ಲಿ ಒಂದು ಪಾಲು ಮಾಡಿ ಆಪ್-ಆಂಪಿಗೆ ಕೊಡಿ. 11 ವೋಲ್ಟಿನ ಆ ಪಾಲು ಸರಿಯಾಗಿ 0.2 ವೋಲ್ಟ್. ಮಾನಕಕ್ಕಿಂತ ಕೆಳಗಿಳಿದ ಕೂಡಲೆ ಆಪ್-ಆಂಪ್ ಸೂಚನೆ ಕೊಡುತ್ತದೆ, ದೀಪ ಆರುತ್ತದೆ. ಹೊರೆ ಇಳಿದ ಬ್ಯಾಟರಿಯ ವೋಲ್ಟೇಜು ತುಸು ಮೇಲೇಳುವುದರಿಂದ, ಮತ್ತೆ ಹತ್ತುವ ಗುರುತನ್ನು ಹನ್ನೆರಡೂವರೆಯ ಆಸುಪಾಸು ಇಡುತ್ತಾರೆ. ಇಲ್ಲವಾದರೆ ದೀಪ ರಾತ್ರಿಯಿಡೀ ಕಣ್ಣು ಮಿಟುಕಿಸುತ್ತ ಕೂರುತ್ತದೆ.

ತೊಂದರೆ ಇರುವುದು ಮನುಷ್ಯನಲ್ಲಿ. ರಾತ್ರಿ ಒಂಬತ್ತಕ್ಕೆ ದೀಪ ಆರಿತು. “ಅಪ್ಪಾ, ನಾಳೆ ಪರೀಕ್ಷೆ” ಎಂದು ಮಗಳು ಮುಖ ಸಣ್ಣ ಮಾಡುತ್ತಾಳೆ. ಅಪ್ಪನಿಗೆ ಆಗ ಕಾವಲುಗಾರನೇ ಶತ್ರು. ತಂತಿಯೊಂದನ್ನು ನೇರವಾಗಿ ಬ್ಯಾಟರಿಗೆ ಸೇರಿಸುತ್ತಾನೆ. ದೀಪ ಉರಿಯುತ್ತದೆ! “ಆ ಡಬ್ಬಿ ಸುಳ್ಳು ಹೇಳುತ್ತಿತ್ತು” ಎಂದುಕೊಳ್ಳುತ್ತಾನೆ. ಆ ತಂತಿ ಹಾಗೇ ಉಳಿಯುತ್ತದೆ. ಕೊನೆಗೆ ಬ್ಯಾಟರಿ ಕೈಕೊಟ್ಟಾಗ ಹೊಸದಕ್ಕೆ ಹಣ ಇರುವುದಿಲ್ಲ, ದೀಪ ಅಟ್ಟ ಸೇರುತ್ತದೆ.

ಡಬ್ಬಿ ಹೇಳಿದ್ದು ನಿಜವೇ. ಆದರೆ ಹೇಳಿದ್ದು ತಡವಾಗಿ, ಅದೂ ಒರಟಾಗಿ. ಅದೇ ಮಾನಕದ ಪಕ್ಕದಲ್ಲಿ ಇನ್ನೊಂದು ಆಪ್-ಆಂಪ್ ಇಟ್ಟು, ಹನ್ನೊಂದೂವರೆ ವೋಲ್ಟಿನಲ್ಲೇ ಒಂದು ಕೆಂಪು ಚುಕ್ಕೆ ಬೆಳಗುವಂತೆ ಮಾಡಬಹುದು. ಖರ್ಚು ಹೆಚ್ಚಿಲ್ಲ. ಚುಕ್ಕೆ ಕಂಡ ಅಮ್ಮ ಅಡುಗೆಮನೆಯ ದೀಪ ಆರಿಸಿ, “ನೀನು ಓದಿಕೋ ಮಗಳೇ” ಎನ್ನಲು ಅಷ್ಟು ಹೊತ್ತು ಮೊದಲೇ ತಿಳಿದರೆ ಸಾಕು.