ಮೂಗು ಬರದ ಚಿತ್ರ

ಬ್ಯಾಂಕಿನಲ್ಲಿ ಬಣ್ಣವೆಂದರೆ ಎರಡೇ: ನೀಲಿ ಶಾಯಿ, ಕೆಂಪು ಶಾಯಿ. ಅವೆರಡರಲ್ಲೇ ನೌಕರಿ ಮುಗಿಸಿ ಮಗಳ ಮನೆಯೆಂದು ವಡೋದರಾಕ್ಕೆ ಬಂದ ನನಗೆ ಈ ಊರಿನ ಕಲಾವಿದರಲ್ಲಿ ಮೊದಲು ಆಪ್ತರೆನಿಸಿದವರು ಭೂಪೇನ್ ಖಾಖರ್. ಅದಕ್ಕೆ ಕಾರಣ ಕಲೆಯಲ್ಲ, ಕಸುಬು. ಅವರು ಚಾರ್ಟರ್ಡ್ ಅಕೌಂಟೆಂಟ್!

1934ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಖಾಖರ್ 1962ರಲ್ಲಿ ಇಲ್ಲಿಗೆ ಬಂದು, ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಕಲಾವಿಮರ್ಶೆ ಓದಿದರು. ಕುಂಚ ಹಿಡಿಯುವುದನ್ನು ತಾವೇ ಕಲಿತರು. ಹೊಟ್ಟೆಪಾಡಿಗೆ ಲೆಕ್ಕ ಬರೆದು, ಮಿಕ್ಕ ಹೊತ್ತಿನಲ್ಲಿ ಕ್ಷೌರಿಕನನ್ನು, ದರ್ಜಿಯನ್ನು, ಗಡಿಯಾರ ರಿಪೇರಿಯವನನ್ನು ಬರೆದರು. 1972ರ ಒಂದು ಚಿತ್ರದ ವಿಷಯವೇ ಒಬ್ಬ ಅಸಿಸ್ಟೆಂಟ್ ಅಕೌಂಟೆಂಟ್. ನಮ್ಮ ವರ್ಗಕ್ಕೆ ಅಷ್ಟು ಮರ್ಯಾದೆ ಪ್ರಮೋಷನ್ನಿನಲ್ಲೂ ಸಿಕ್ಕಿದ್ದಿಲ್ಲ.

ಕಂಡವರ ಲೆಕ್ಕವನ್ನೆಲ್ಲ ಬರೆದ ಈ ಮನುಷ್ಯ ತಮ್ಮದೊಂದು ಸಂಗತಿಯನ್ನು ಮಾತ್ರ ಬಹುಕಾಲ ಪುಸ್ತಕದಾಚೆ ಇಟ್ಟಿದ್ದರು: ತಮ್ಮ ಒಲವು ಗಂಡಸರ ಕಡೆಗೆ ಎಂಬುದನ್ನು. 1981ರ 'ಎಲ್ಲರನ್ನೂ ಮೆಚ್ಚಿಸಲಾಗದು' ಚಿತ್ರದಲ್ಲಿ ಬಾಲ್ಕನಿಯ ಮೇಲೆ ಬತ್ತಲೆ ನಿಂತವನೊಬ್ಬ, ನಾವೆಲ್ಲ ಬಾಲ್ಯದಲ್ಲಿ ಕೇಳಿದ ಅಪ್ಪ, ಮಗ, ಕತ್ತೆಯ ಕಥೆಯನ್ನು ನೋಡುತ್ತಿದ್ದಾನೆ. ಐವತ್ತರ ಹತ್ತಿರಕ್ಕೆ ಬಂದು ಗುಟ್ಟನ್ನು ಹೀಗೆ ಜಮಾ ಮಾಡಿದ ಮೇಲೆ ಅವರು ಹಿಂದೆ ನೋಡಲಿಲ್ಲ. ಕೊನೆಗಾಲದಲ್ಲಿ ಕ್ಯಾನ್ಸರ್ ಬಂದಾಗ ದೇಹದ ಗಾಯಗಳನ್ನೂ ಬರೆದರು. 2003ರಲ್ಲಿ ತೀರಿಕೊಂಡರು. ಬಣ್ಣದಿಂದ ಕಾಯಿಲೆ ವಾಸಿಯಾಗಲಿಲ್ಲ. ಮುಚ್ಚಿಡುವ ಸಂಕಟ ವಾಸಿಯಾಯಿತು ಎಂದು ನನಗನಿಸುತ್ತದೆ.

ನಮ್ಮ ಸೊಸೈಟಿಯ ಕಾಕಾಗೆ ಖಾಖರ್ ಗೊತ್ತಿಲ್ಲ. ಆದರೆ ಹೆಂಡತಿ ಹೋದ ಮೇಲೆ ಅವರೂ ಮೊಮ್ಮಗಳು ಬಿಟ್ಟುಹೋದ ಬಣ್ಣದ ಡಬ್ಬಿ ಎತ್ತಿಕೊಂಡರು. ದಿನವೂ ಒಂದೇ ಚಿತ್ರ: ಗುಜರಾತಿ ಮನೆಗಳಲ್ಲಿ ತೂಗುವ ಹೀಂಚ್ಕೋ ಎಂಬ ಉಯ್ಯಾಲೆ, ಅದರ ಮೇಲೆ ಆಕೆ, ನಮ್ಮ ಕಡೆ ಬೆನ್ನು ಮಾಡಿ.

"ಮುಖ ಯಾಕಿಲ್ಲ ಕಾಕಾ?"

"ಮೂಗು ಬರೋದಿಲ್ಲ ಭಾಯಿ. ಸಿಟ್ಟು ಬಂದರೆ ಅವಳು ಹೀಗೇ ಕೂರ್ತಿದ್ದಳು. ಅನುಕೂಲವೇ ಆಯ್ತು."

ಸಂಸಾರದುದ್ದಕ್ಕೂ ಹೆದರಿ ತಪ್ಪಿಸಿಕೊಂಡು ಓಡಾಡಿದ ಆ ಸಿಟ್ಟಿಗೆ ಈಗ ದಿನಕ್ಕೊಂದು ಬಣ್ಣದ ಸೀರೆ ಉಡಿಸಿ ಎದುರಿಗೆ ಕೂರಿಸಿಕೊಳ್ಳುತ್ತಾರೆ. ಮನುಷ್ಯ ಕೊನೆಗೆ ಏನನ್ನೆಲ್ಲ ಹಂಬಲಿಸುತ್ತಾನೆ ನೋಡಿ!

ಮೊನ್ನೆ ಧೈರ್ಯ ಮಾಡಿ ಆಕೆಯ ಮುಖ ಇತ್ತ ತಿರುಗಿಸಿದರು. ಮೂಗೂ ಬಂತು. ಆದರೆ ಅದು ಕಾಕಾನದೇ ಮೂಗು, ಮೊಂಡಾಗಿ, ತುದಿ ಕೆಂಪಗೆ. ಇಬ್ಬರೂ ನಕ್ಕೆವು, ನಗುತ್ತಲೇ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ತಿದ್ದಬಹುದಲ್ಲ ಎಂದೆ.

"ಬೇಡ. ಇಷ್ಟು ವರ್ಷ ಕೂಡಿ ಬಾಳಿದ ಮೇಲೆ ಯಾರ ಮೂಗು ಯಾರಿಗಿದ್ದರೇನು ಭಾಯಿ? ಸಿಟ್ಟು ಇಳಿದಿದೆ, ಅಷ್ಟು ಸಾಕು" ಎಂದರು.