ಮೂರು ಶಾಲೆ, ಒಂದು ಅಡ್ಮಿಷನ್

ಕ್ಯಾಂಪಸ್ ಗೇಟಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಮೂರು ಸರ್ಕಾರಿ ಪ್ರಾಥಮಿಕ ಶಾಲೆಗಳಿವೆ. ಜೆರಾಕ್ಸ್ ಎಲ್ಲಿ ಚೀಪು, ಯಾವ ಹೋಟೆಲಲ್ಲಿ ದೋಸೆ ಚೆನ್ನಾಗಿರುತ್ತೆ ಅಂತ ನಮ್ಮಲ್ಲಿ ಯಾರನ್ನ ಕೇಳಿದ್ರೂ ಹೇಳ್ತೀವಿ. ಈ ಮೂರು ಶಾಲೆಗಳಲ್ಲಿ ಯಾವುದು ವಾಸಿ ಅಂತ ಮಾತ್ರ ಯಾರೂ ನಮ್ಮನ್ನ ಕೇಳಿರಲಿಲ್ಲ. ಕೇಳಿದ್ದು ಮೆಸ್ಸಿನ ಅಕ್ಕ. ಅವರ ಮಗಳನ್ನ ಜೂನ್‌ಗೆ ಒಂದನೇ ಕ್ಲಾಸಿಗೆ ಸೇರಿಸಬೇಕು, ಪ್ರೈವೇಟ್ ಫೀಸು ಕಟ್ಟೋಕಾಗಲ್ಲ. "ನೀವು ಓದಿರೋರು, ಒಂದ್ಸಲ ನೋಡ್ಕೊಂಡ್ ಬಂದು ಹೇಳ್ರಪ್ಪಾ" ಅಂದ್ರು.

ನಾವು ನಾಲ್ಕು ಜನ, ನಾಲ್ಕೂ ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಸರ್ಕಾರಿ ಶಾಲೆ ಒಳಗೆ ಕಾಲಿಟ್ಟಿದ್ದು ಅಂದ್ರೆ ಎಲೆಕ್ಷನ್ ದಿನ ಅಪ್ಪ ಅಮ್ಮನ ಜೊತೆ, ಅಷ್ಟೇ. ಎಂಜಿನಿಯರಿಂಗ್ ಹುಡುಗರಲ್ವಾ, ಮೊದಲು ಎಕ್ಸೆಲ್ ಶೀಟ್ ಮಾಡ್ಕೊಂಡ್ವಿ: ಕೊಠಡಿ, ಕಾಂಪೌಂಡು, ಲೈಬ್ರರಿ, ಮೇಷ್ಟ್ರುಗಳ ಸಂಖ್ಯೆ. ಅಕ್ಕ ಇನ್ನೆರಡು ಕಾಲಂ ಸೇರಿಸಿದ್ರು. ಟಾಯ್ಲೆಟ್ ಬಾಗಿಲಿಗೆ ಚಿಲಕ ಇದ್ಯಾ? ಹೈವೇ ದಾಟಬೇಕಾ?

ಬಹಳ ಕಾಲಂಗಳಲ್ಲಿ ಮೂರೂ ಶಾಲೆ ಒಂದೇ. ಅದೇ ಪಠ್ಯಪುಸ್ತಕ, ಅದೇ ಯೂನಿಫಾರ್ಮ್, ಅದೇ ಬಿಸಿಯೂಟ, 2013ರಿಂದ ಕೊಡ್ತಿರೋ ಕ್ಷೀರಭಾಗ್ಯದ ಅದೇ ಹಾಲು. ವ್ಯತ್ಯಾಸ ಶುರುವಾಗೋದು ಮಕ್ಕಳ ತಲೆ ಎಣಿಸಿದಾಗ. ಊರೊಳಗೆ ಅರಳಿಕಟ್ಟೆ ಪಕ್ಕದ ಶಾಲೆಯಲ್ಲಿ ಒಂದರಿಂದ ಐದರವರೆಗೆ ಎಲ್ಲಾ ಸೇರಿ 14 ಮಕ್ಕಳು. ಹೈವೇ ಆಚೆಯ ಶಾಲೆಯಲ್ಲಿ ಒಂದನೇ ಕ್ಲಾಸಲ್ಲೇ ಅದರ ಎರಡರಷ್ಟಿದ್ದಾರೆ. ಬಡಾವಣೆಯದ್ದು ಮಧ್ಯದಲ್ಲಿ, ಅದರ ಬಗ್ಗೆ ಹೇಳೋದು ಹೆಚ್ಚೇನಿಲ್ಲ, ಚಿಲಕ ಇರಲಿಲ್ಲ, ಅಕ್ಕ ಅಲ್ಲಿಗೇ ಕೈಬಿಟ್ರು.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ಕ್ಲಾಸಿನವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 60 ದಾಟಿದ್ರೆ ಮೂವರು. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಮಕ್ಕಳು 14 ಇದ್ರೂ ತರಗತಿಗಳು ಐದೇ. ಇಬ್ಬರಲ್ಲಿ ಒಬ್ಬರು ಮೀಟಿಂಗ್, ಟ್ರೈನಿಂಗ್, ಎಲೆಕ್ಷನ್ ಕೆಲಸ ಅಂತ ಹೋದ ದಿನ ಐದೂ ತರಗತಿ ಒಬ್ಬರ ತಲೆ ಮೇಲೆ. ಅದನ್ನ ನೋಡಿದ ತಂದೆತಾಯಿ ಟಿಸಿ ತಗೋತಾರೆ. ಸಂಖ್ಯೆ ಇನ್ನೂ ಇಳಿಯುತ್ತೆ, ಇಳಿದಿದ್ದನ್ನ ನೋಡಿ ಇನ್ನೊಬ್ಬರು ತಗೋತಾರೆ. ಪಾಸಿಟಿವ್ ಫೀಡ್‌ಬ್ಯಾಕ್ ಅಂತ ನಾವು ಬೋರ್ಡ್ ಮೇಲೆ ಬರೀತೀವಲ್ಲ, ಅದೇ. ಹೆಸರಲ್ಲಿ ಮಾತ್ರ ಪಾಸಿಟಿವ್.

ಇಷ್ಟಾದ್ರೂ ನಮಗೆ ಎದ್ದು ಬರೋಕೆ ಮನಸ್ಸಾಗದೇ ಇದ್ದಿದ್ದು ಆ 14 ಮಕ್ಕಳ ಶಾಲೆಯಲ್ಲೇ. ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ. ಇದು ನಲಿಕಲಿ, 1995ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಹೆಚ್.ಡಿ. ಕೋಟೆಯಲ್ಲೇ ಹುಟ್ಟಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ್ದು. ಮಕ್ಕಳು ಸಾಲಾಗಿ ಕೂರಲ್ಲ, ನೆಲದ ಮೇಲೆ ಗುಂಪು ಗುಂಪಾಗಿ ಕೂರ್ತಾರೆ. ಒಂದು ಗುಂಪಿನ ಜೊತೆ ಮೇಡಂ, ಇನ್ನೊಂದರಲ್ಲಿ ದೊಡ್ಡ ಮಗು ಚಿಕ್ಕದಕ್ಕೆ ಹೇಳಿಕೊಡುತ್ತೆ, ಮತ್ತೊಂದು ತನ್ನ ಪಾಡಿಗೆ ತಾನು. ಪಾಠ ಅಂದ್ರೆ ಕಾರ್ಡುಗಳು. ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡ್ಕೊಂಡು ಮಗುವೇ ಹೋಗಿ ಕಾರ್ಡ್ ತಗೊಂಡು ಬರುತ್ತೆ. ತಲೆ ಮೇಲೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರಗಳನ್ನೆಲ್ಲ ನೇತುಹಾಕಿದ್ದಾರೆ.

ಒಬ್ಬ ಹುಡುಗ ಅಪ್ಪ ಅಮ್ಮನ ಜೊತೆ ಕೊಡಗಿಗೆ ಕಾಫಿ ಕೊಯ್ಲಿಗೆ ಹೋಗಿ ಮೂರು ವಾರ ಆದ್ಮೇಲೆ ಬಂದಿದ್ದ. ಬಂದವನೇ ಬಿಟ್ಟು ಹೋಗಿದ್ದ ಕಾರ್ಡ್ ಹುಡುಕಿ ಅಲ್ಲಿಂದಲೇ ಶುರು ಮಾಡಿದ. "ಪಾಠ ಮುಂದೆ ಹೋಯ್ತು, ನೋಟ್ಸ್ ಕಾಪಿ ಮಾಡ್ಕೋ" ಅನ್ನೋರಿಲ್ಲ. ಶೇಕಡ 85 ಅಟೆಂಡೆನ್ಸ್‌ಗೆ ಒದ್ದಾಡೋ ನಮಗೆ ಹೊಟ್ಟೆ ಉರೀತು. ಮೇಡಂಗೆ 14 ಮಕ್ಕಳಲ್ಲಿ ಯಾರಿಗೆ ಒತ್ತಕ್ಷರ ತೊಡರುತ್ತೆ, ಯಾರಿಗೆ ಕಳೆಯೋದು ಬರಲ್ಲ ಅನ್ನೋದು ಪುಸ್ತಕ ನೋಡದೇ ಗೊತ್ತು. ಈ ಕಾಲಂ ನಮ್ಮ ಶೀಟಲ್ಲಿ ಇರಲಿಲ್ಲ, ಆಮೇಲೆ ಸೇರಿಸಿದ್ವಿ.

ಹೈವೇ ಆಚೆಯ ಶಾಲೆಯ ಬಾಗಿಲಲ್ಲೇ ದೊಡ್ಡ ಬೋರ್ಡ್: ಇಂಗ್ಲಿಷ್ ಮಾಧ್ಯಮ ವಿಭಾಗ ಇದೆ. 2019–20ರಲ್ಲಿ ಸರ್ಕಾರ 1,000 ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ಶುರು ಮಾಡ್ತಲ್ಲ, ಅದೇ ತರಹದ್ದು. ಗಣಿತದ ಪುಸ್ತಕದಲ್ಲಿ ಎರಡೂ ಭಾಷೆ. ಟೀಚರ್ ಇಂಗ್ಲಿಷಲ್ಲಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳ್ತಿದ್ರು, ಚೆನ್ನಾಗೇ ಹೇಳ್ತಿದ್ರು. ಆದರೆ ಕ್ಲಾಸ್ ತುಂಬಿ ತುಳುಕ್ತಿತ್ತು. ಕೊನೇ ಬೆಂಚಿನವರ ಒತ್ತಕ್ಷರ ಅವರಿಗೆ ಯಾವಾಗ ಕಾಣಬೇಕು?

ಶೀಟ್ ತೋರಿಸಿ ಅಕ್ಕನಿಗೆ ಹೇಳಿದ್ವಿ: ಮೊದಲ ಮೂರು ವರ್ಷ ಅರಳಿಕಟ್ಟೆ ಶಾಲೆಯೇ ಒಳ್ಳೇದು, ಹೈವೇನೂ ದಾಟಬೇಕಿಲ್ಲ. ಅಕ್ಕ ಪೂರ್ತಿ ಕೇಳಿಸ್ಕೊಂಡ್ರು. "ನೀವೆಲ್ಲ ಇಂಗ್ಲಿಷಲ್ಲೇ ಓದ್ಕೊಂಡು ಇಲ್ಲಿಗೆ ಬಂದಿದೀರ. ನನ್ನ ಮಗಳಿಗೆ ಮಾತ್ರ ಬೇಡ ಅಂತೀರಲ್ಲಪ್ಪಾ?"

ನಾಲ್ಕು ಜನರಲ್ಲಿ ಒಬ್ಬರಿಗೂ ಮಾತು ಬರಲಿಲ್ಲ. ಕನ್ನಡ ಸಂಘದ ಬ್ಯಾಡ್ಜ್ ಬೇರೆ ಹಾಕ್ಕೊಂಡಿದ್ವಿ. ಮಾಧ್ಯಮ ಆರಿಸೋದು ತಂದೆತಾಯಿ ಹಕ್ಕು ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಅಪ್ಪಂದಿರು ಆ ಹಕ್ಕನ್ನ ದುಡ್ಡು ಕೊಟ್ಟು ಚಲಾಯಿಸಿದ್ರು, ಅಕ್ಕ ದುಡ್ಡಿಲ್ಲದೇ ಚಲಾಯಿಸ್ತಿದ್ದಾರೆ. ಇಷ್ಟಕ್ಕೂ ಮೂರು ವರ್ಷ ಆದ್ಮೇಲೆ ಆ ಚಿಕ್ಕ ಶಾಲೆ ಇರುತ್ತೆ ಅಂತ ಬರೆದುಕೊಡೋಕೆ ನಮ್ಮ ಕೈಲಿ ಆಗ್ತಿತ್ತಾ?

ಮಗಳ ಹೆಸರನ್ನ ಹೈವೇ ಆಚೆಯ ಶಾಲೆಯಲ್ಲಿ ಬರೆಸಿ ಆಯ್ತು.

ಅರಳಿಕಟ್ಟೆ ಶಾಲೆಯ ಮೇಡಂಗೆ ಹೋಗಿ ಹೇಳಿದಾಗ ಬೇಜಾರೇನೂ ಮಾಡ್ಕೊಳ್ಳಲಿಲ್ಲ. ಈ ವರ್ಷ ಐದನೇ ಕ್ಲಾಸ್ ಮುಗಿಸಿ ಹೋಗೋರು ನಾಲ್ಕು ಮಕ್ಕಳು, ಹೊಸದಾಗಿ ಸೇರೋದು ಎರಡು ಅಂತ ಲೆಕ್ಕ ಕೊಟ್ರು. ನಲಿಕಲಿ ಕೋಣೆ ತಾವು ನೋಡ್ಕೋತಾರಂತೆ, ಕಷ್ಟ ಆಗ್ತಿರೋದು ಪಕ್ಕದ ಕೋಣೆಯ ನಾಲ್ಕು, ಐದನೇ ತರಗತಿಗೆ. ಭಿನ್ನರಾಶಿ ಹೇಳಿಕೊಡೋಕೆ ಯಾರಾದ್ರೂ ಸಿಕ್ರೆ ಸಾಕು ಅಂದ್ರು. ಶನಿವಾರ ಬೆಳಗಿನ ಶಾಲೆ. ಇಂಟರ್ನಲ್ಸ್ ಇಲ್ಲದ ಶನಿವಾರ ನಾವು ಏಳೂವರೆಗೆ ಹಾಸ್ಟೆಲ್ ಗೇಟಿಂದ ಹೊರಡ್ತೀವಿ, ಇನ್ನಿಬ್ಬರು ಬೇಕು. ಕನ್ನಡದಲ್ಲಿ ಛೇದ ಯಾವುದು, ಅಂಶ ಯಾವುದು ಅಂತ ನೋಡ್ಕೊಂಡು ಬನ್ನಿ, ಅಲ್ಲಿನ ಮಕ್ಕಳು ಕೇಳ್ತಾರೆ.