ಬಿಸಿಲ ದಾರಿಯಲ್ಲಿ ಪದ್ಮಿನಿ

1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಬ್ರಹ್ಮಗಿರಿಯ ಅಶೋಕ ಶಾಸನ ನೋಡಿಕೊಂಡು ದೇವಸಮುದ್ರದ ಕಡೆ ಹೊರಟರೆ, ಬೇಸಿಗೆಯಲ್ಲಿ ರಸ್ತೆಯೇ ಕಾದ ಕಾವಲಿ. ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಇಂಥಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ನಿಂತುಬಿಡುವುದುಂಟು. ಮಕ್ಕಳು ಮರಿ ಕಟ್ಟಿಕೊಂಡವರ ಪಾಡೇನು?

ಕಾರಣ ಸರಳ. ಇದರ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ಕಾವಿಗೆ ಪೆಟ್ರೋಲ್ ಒಳಗೇ ಆವಿಯಾಗುತ್ತದೆ. ಪಂಪಿನ ಪೊರೆ ಎಷ್ಟು ಬಡಿದರೂ ಆವಿ ಕುಗ್ಗಿ ಹಿಗ್ಗುತ್ತದೆಯೇ ಹೊರತು ಕಾರ್ಬುರೇಟರಿಗೆ ಪೆಟ್ರೋಲ್ ಏರದು. ಇದೇ ‘ವೇಪರ್ ಲಾಕ್’.

ಎಂಜಿನ್ ಆರಿಸಿ, ಬಾನೆಟ್ ತೆರೆಯಿರಿ. ಪೆಟ್ರೋಲ್ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯಿರಿ. ಬಟ್ಟೆಯ ನೀರು ಆವಿಯಾಗುತ್ತ ಕಾವನ್ನು ಹೀರುತ್ತದೆ. ಒಳಗಿನ ಆವಿ ಮತ್ತೆ ದ್ರವವಾಗುತ್ತದೆ. ಮಣ್ಣಿನ ಮಡಕೆ ನೀರನ್ನು ತಣ್ಣಗಿಡುವುದೂ ಹೀಗೆಯೇ.

ರೋಗ ತಂದದ್ದೂ ಆವಿ, ಮದ್ದಾದದ್ದೂ ಆವಿ! ವಿದ್ಯಾರ್ಥಿಗಳೇ, ಈ ದಾರಿ ಹಿಡಿಯುವಾಗ ಒಂದು ಕ್ಯಾನ್ ನೀರು ಹೆಚ್ಚಿಗೇ ಇರಲಿ.